ಎದ್ದು ನಿಂತ ಉಕ್ಕು, ಮುಚ್ಚಿಹೋದ ಗಣಿ: ಯುದ್ಧಾನಂತರದ ಜಪಾನ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ ಉಕ್ಕಿನ ಕಾರ್ಖಾನೆಗಳೆಲ್ಲ ಬಾಂಬಿಗೆ ತುತ್ತಾಗಿದ್ದವಲ್ಲವೇ? ಹಾಗಿದ್ದರೂ ಆ ಉದ್ಯಮ ಅಷ್ಟು ಬೇಗ ಚೇತರಿಸಿಕೊಂಡದ್ದು ಹೇಗೆ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಎಲ್ಲವೂ ನಾಶವಾಗಿರಲಿಲ್ಲ. ಈಶಾನ್ಯ ಕರಾವಳಿಯ ಕಮಾಯಿಶಿ ಕಾರ್ಖಾನೆಯ ಮೇಲೆ 1945ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಯುದ್ಧನೌಕೆಗಳು ಗುಂಡಿನ ಮಳೆಗರೆದದ್ದು ನಿಜ. ಆದರೆ ದೇಶದ ಊದುಕುಲುಮೆಗಳಲ್ಲಿ (ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ಬೃಹತ್ ಕುಲುಮೆಗಳು) ಹೆಚ್ಚಿನವು ದುರಸ್ತಿಯಾಗಬಲ್ಲ ಸ್ಥಿತಿಯಲ್ಲೇ ಇದ್ದವು. ಅವು ತಣ್ಣಗಾಗಲು ಮುಖ್ಯ ಕಾರಣ ಕಲ್ಲಿದ್ದಲಿನ ಅಭಾವ. ಯುದ್ಧ ಮುಗಿಯುವ ಹೊತ್ತಿಗೆ ಜಪಾನಿನ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ಜನ ಕೊರಿಯಾ ಮತ್ತು ಚೀನಾಗಳಿಂದ ತಂದವರಾಗಿದ್ದು, ಅವರಲ್ಲಿ ಬಹಳ ಮಂದಿಯನ್ನು ಬಲವಂತದಿಂದ ಎಳೆತರಲಾಗಿತ್ತು. ಬಿಡುಗಡೆ ಸಿಕ್ಕ ಕೂಡಲೇ ಅವರು ಗಣಿಗಳನ್ನು ಬಿಟ್ಟು ಹೊರನಡೆದರು. ಯುದ್ಧಕಾಲದಲ್ಲಿ ತಿಂಗಳಿಗೆ 40 ಲಕ್ಷ ಟನ್ನಿಗೂ ಹೆಚ್ಚಿದ್ದ ಕಲ್ಲಿದ್ದಲಿನ ಉತ್ಪಾದನೆ 1945ರ ನವೆಂಬರ್‌ನಲ್ಲಿ ಸುಮಾರು 5.5 ಲಕ್ಷ ಟನ್ನಿಗೆ ಕುಸಿಯಿತು. 1943ರಲ್ಲಿ 75 ಲಕ್ಷ ಟನ್ನಿಗೂ ಮಿಗಿಲಾಗಿದ್ದ ಕಚ್ಚಾ ಉಕ್ಕು 1946ರಲ್ಲಿ 6 ಲಕ್ಷ ಟನ್ ಕೂಡ ಆಗಲಿಲ್ಲ. ಜಪಾನಿನ ಪುನಶ್ಚೇತನದ ಕಥೆಯನ್ನು ಹೇಳುವವರು ಈ ಕಾರ್ಮಿಕರಿಂದಲೇ ಆರಂಭಿಸಬೇಕೆಂದು ನನ್ನ ಅಭಿಪ್ರಾಯ. ಉದ್ಯಮ ಯಾರ ಬೆನ್ನಿನ ಮೇಲೆ ನಿಂತಿತ್ತು ಎಂಬುದು ಅದು ಕುಸಿದ ಬಗೆಯಿಂದಲೇ ತಿಳಿಯುತ್ತದೆ.

ಪ್ರಶ್ನೆ: ‘ಆದ್ಯತೆಯ ಉತ್ಪಾದನೆ’ ಎಂಬ ನೀತಿಯಿಂದಲೇ ಜಪಾನ್ ಉದ್ಧಾರವಾಯಿತೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಹೇಳುತ್ತಾರೆ. ಆ ನೀತಿಯಲ್ಲಿ ನಿಜವಾಗಿ ಏನಿತ್ತು? (ಮೈಸೂರಿನ ಸ್ನಾತಕೋತ್ತರ ವಿದ್ಯಾರ್ಥಿನಿ)

ಉತ್ತರ: ಕಲ್ಲಿದ್ದಲಿಲ್ಲದೆ ಉಕ್ಕಿಲ್ಲ, ಉಕ್ಕಿಲ್ಲದೆ ಗಣಿಗೆ ಹಳಿ, ಕಂಬ, ಯಂತ್ರಗಳಿಲ್ಲ, ಹಾಗಾಗಿ ಕಲ್ಲಿದ್ದಲೂ ಇಲ್ಲ. ಈ ವಿಷವರ್ತುಲವನ್ನು ಎಲ್ಲಿ ಕತ್ತರಿಸಬೇಕೆಂಬುದೇ 1946ರ ಪ್ರಶ್ನೆಯಾಗಿತ್ತು. ಟೋಕಿಯೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಹಿರೋಮಿ ಅರಿಸಾವಾ ಕೊಟ್ಟ ಸಲಹೆ ಸರಳವೂ ನಿಷ್ಠುರವೂ ಆಗಿತ್ತು. ಇರುವ ಅಷ್ಟಿಷ್ಟು ಸಾಮಗ್ರಿಯನ್ನು ಎಲ್ಲರಿಗೂ ಹಂಚಿ ಎಲ್ಲರನ್ನೂ ಅರೆಹೊಟ್ಟೆಯಲ್ಲಿ ಇಡುವುದರ ಬದಲು, ಹೊರಗಿನಿಂದ ತರಿಸಿದ ಭಾರ ಎಣ್ಣೆಯನ್ನು ಉಕ್ಕಿನ ಕುಲುಮೆಗಳಿಗೆ ಕೊಡಬೇಕು, ಅಲ್ಲಿ ಬಂದ ಉಕ್ಕನ್ನು ಗಣಿಗಳಿಗೆ ಕಳಿಸಬೇಕು, ಗಣಿಯಿಂದ ಹೆಚ್ಚುವರಿಯಾಗಿ ಬಂದ ಕಲ್ಲಿದ್ದಲನ್ನು ಮತ್ತೆ ಉಕ್ಕಿಗೇ ಹರಿಸಬೇಕು ಎಂದು ಅವರು ವಾದಿಸಿದರು. ಪ್ರಧಾನಿ ಶಿಗೆರು ಯೋಶಿದಾ ಅವರ ಸಚಿವ ಸಂಪುಟ ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಇದನ್ನು ಒಪ್ಪಿ, 1947ಕ್ಕೆ 3 ಕೋಟಿ ಟನ್ ಕಲ್ಲಿದ್ದಲಿನ ಗುರಿಯನ್ನು ಇಟ್ಟುಕೊಂಡಿತು. ದೇಶವೇ ಹಸಿದಿದ್ದ ದಿನಗಳಲ್ಲಿ ಗಣಿ ಕಾರ್ಮಿಕರಿಗೆ ಹೆಚ್ಚಿನ ಅಕ್ಕಿಯ ಪಡಿತರ ದೊರೆಯಿತು. ಹೊಸದಾಗಿ ಸ್ಥಾಪಿಸಿದ ಪುನರ್ನಿರ್ಮಾಣ ಹಣಕಾಸು ಬ್ಯಾಂಕಿನ ಸಾಲದಲ್ಲಿ ಬಹುದೊಡ್ಡ ಪಾಲು ಕಲ್ಲಿದ್ದಲಿಗೆ ಹೋಯಿತು.

ಗುರಿಯ ಹತ್ತಿರಕ್ಕೆ ಬರಲಾಯಿತು. ಆದರೆ ಆ ಬ್ಯಾಂಕಿನ ಹಣ ಬಹುಮಟ್ಟಿಗೆ ನೋಟು ಮುದ್ರಿಸಿ ಒದಗಿಸಿದ ಹಣವಾಗಿದ್ದುದರಿಂದ ಬೆಲೆಗಳು ಗಗನಕ್ಕೇರಿದವು, ಸಂಬಳದಾರರ ಉಳಿತಾಯ ಕರಗಿಹೋಯಿತು. 1949ರಲ್ಲಿ ಅಮೆರಿಕದ ಬ್ಯಾಂಕರ್ ಜೋಸೆಫ್ ಡಾಜ್ ಬಂದು ಹೊಸ ಸಾಲಗಳನ್ನು ನಿಲ್ಲಿಸಿದರು. ಡಾಲರಿಗೆ 360 ಯೆನ್ ಎಂಬ ವಿನಿಮಯ ದರ ನಿಗದಿಯಾಯಿತು. ಮರುವರ್ಷ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾಗಿ ಅಮೆರಿಕದ ಸೇನೆಯ ಖರೀದಿ ಹರಿದುಬರದೇ ಹೋಗಿದ್ದರೆ, ಹಣದ ಹರಿವು ನಿಂತ ಎಷ್ಟೋ ಕಾರ್ಖಾನೆಗಳು ಮತ್ತೆ ಮುಗ್ಗರಿಸುತ್ತಿದ್ದವು. ಆದ್ದರಿಂದ ‘ಉದ್ಧಾರ’ ಎಂಬುದು ದೊಡ್ಡ ಮಾತು. ಉದ್ಯಮದ ಉಸಿರು ನಿಲ್ಲದಂತೆ ಈ ನೀತಿ ಕಾಪಾಡಿತು; ಅದನ್ನು ನಡೆಯುವಂತೆ ಮಾಡಿದ್ದು ನಂತರದ ಬೆಳವಣಿಗೆಗಳು.

ಪ್ರಶ್ನೆ: ಆ ನಂತರದ ಬೆಳವಣಿಗೆಗಳಲ್ಲಿ ತಂತ್ರಜ್ಞಾನದ ಪಾತ್ರವೆಷ್ಟು, ಅಮೆರಿಕದ ಸಹಾಯದ ಪಾತ್ರವೆಷ್ಟು? (ಭದ್ರಾವತಿಯ ನಿವೃತ್ತ ಎಂಜಿನಿಯರ್)

ಉತ್ತರ: ಸಹಾಯ ಇತ್ತು, ಆದರೆ ನಿರ್ಣಾಯಕವಾದದ್ದು ಕಾರ್ಖಾನೆಯನ್ನು ಎಲ್ಲಿ, ಹೇಗೆ ಕಟ್ಟಬೇಕೆಂಬ ತೀರ್ಮಾನ. ಯುದ್ಧಕ್ಕೆ ಮುಂಚೆ ಜಪಾನಿನ ಎಷ್ಟೋ ಕಾರ್ಖಾನೆಗಳು ಅಮೆರಿಕದ ಗುಜರಿ ಕಬ್ಬಿಣವನ್ನು ಕರಗಿಸಿ ಉಕ್ಕು ಮಾಡುತ್ತಿದ್ದವು. 1940ರಲ್ಲಿ ಅಮೆರಿಕ ಆ ಗುಜರಿಯನ್ನು ನಿಲ್ಲಿಸಿದಾಗ ಅವುಗಳ ಬುಡವೇ ಅಲುಗಿತ್ತು. ಇದನ್ನು ಕಂಡಿದ್ದವರಲ್ಲಿ ಯತಾರೋ ನಿಶಿಯಾಮಾ ಒಬ್ಬರು. 1950ರಲ್ಲಿ ಕವಾಸಾಕಿ ಸ್ಟೀಲ್ ಪ್ರತ್ಯೇಕ ಕಂಪನಿಯಾದಾಗ ಅದರ ಅಧ್ಯಕ್ಷರಾದ ಅವರು, ಟೋಕಿಯೋ ಕೊಲ್ಲಿಯ ಚಿಬಾದಲ್ಲಿ ಹಿಂದೆ ವಿಮಾನ ಕಾರ್ಖಾನೆಯಿದ್ದ ಜಾಗದಲ್ಲಿ ಸ್ವಂತ ಊದುಕುಲುಮೆಯ ಪೂರ್ಣ ಉಕ್ಕಿನ ಸ್ಥಾವರವನ್ನು ಯೋಜಿಸಿದರು. ಕಂಪನಿಯ ಬಂಡವಾಳ 50 ಕೋಟಿ ಯೆನ್, ಯೋಜನೆಯ ವೆಚ್ಚ 1,600 ಕೋಟಿ ಯೆನ್‌ಗೂ ಮಿಗಿಲು. ಕೇಂದ್ರ ಬ್ಯಾಂಕಿನಲ್ಲಿ ತೀವ್ರ ವಿರೋಧವಿದ್ದರೂ ಅವರು ಹಿಂಜರಿಯಲಿಲ್ಲ. 1953ರ ಜೂನ್‌ನಲ್ಲಿ ಚಿಬಾದ ಮೊದಲ ಕುಲುಮೆಗೆ ಬೆಂಕಿ ಬಿತ್ತು. 1956ರಲ್ಲಿ ವಿಶ್ವಬ್ಯಾಂಕ್ 2 ಕೋಟಿ ಡಾಲರ್ ಸಾಲ ನೀಡಿತು.

ಚಿಬಾದ ವಿನ್ಯಾಸವನ್ನು ತಾವು ಎಂಜಿನಿಯರಾಗಿ ಮೆಚ್ಚುವಿರಿ. ಹಡಗಿನಿಂದ ಇಳಿದ ಅದಿರು ಮತ್ತು ಕಲ್ಲಿದ್ದಲು ದಡದಲ್ಲೇ ರಾಶಿಯಾಗಿ, ಅಲ್ಲಿಂದ ಕುಲುಮೆಗೆ, ಕುಲುಮೆಯಿಂದ ಉಕ್ಕಿನ ಘಟಕಕ್ಕೆ, ಅಲ್ಲಿಂದ ರೋಲಿಂಗ್ ಮಿಲ್ಲಿಗೆ ಹಿಂದುಮುಂದಾಗದೆ ಸಾಗಿ, ಕೊನೆಗೆ ಸಿದ್ಧ ಹಾಳೆಯಾಗಿ ಮತ್ತೆ ಹಡಗನ್ನೇರುತ್ತಿತ್ತು. ಗಣಿಯ ಬಳಿ ಕಾರ್ಖಾನೆ ಕಟ್ಟಿದ ದೇಶಗಳಿಗೆ ಸಾಗಣೆಯಲ್ಲಿ ಉಳಿತಾಯವಾಗುತ್ತದೆ ಎಂಬ ಹಳೆಯ ಲೆಕ್ಕ ಇಲ್ಲಿ ತಲೆಕೆಳಗಾಯಿತು. ದೊಡ್ಡ ಅದಿರು ಹಡಗುಗಳು ಬಂದ ಮೇಲೆ ಸಮುದ್ರದ ಸಾಗಣೆ ನೆಲದ ಸಾಗಣೆಗಿಂತ ಎಷ್ಟೋ ಅಗ್ಗವಾಯಿತು. ಇದರ ಜೊತೆಗೆ, ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ 1952ರಲ್ಲಿ ಬಳಕೆಗೆ ಬಂದ ಕರಗಿದ ಕಬ್ಬಿಣಕ್ಕೆ ಆಮ್ಲಜನಕ ಊದಿ ಉಕ್ಕು ಮಾಡುವ ಎಲ್‌ಡಿ ವಿಧಾನವನ್ನು ಜಪಾನಿನ ಯವಾತಾ ಉಕ್ಕಿನ ಕಂಪನಿ 1957ರಲ್ಲೇ ಅಳವಡಿಸಿಕೊಂಡಿತು. ಕಂಪನಿಗಳು ಪೈಪೋಟಿಯಲ್ಲಿ ಪರವಾನಗಿಯ ಬೆಲೆ ಏರಿಸದಂತೆ, ನಿಪ್ಪೊನ್ ಕೋಕಾನ್ ಒಂದೇ ಕಂಪನಿ ಅದನ್ನು ಪಡೆದು ಉಳಿದವುಗಳೊಂದಿಗೆ ಹಂಚಿಕೊಳ್ಳುವ ವ್ಯವಸ್ಥೆಯಾಗಿತ್ತು. 1970ರ ವೇಳೆಗೆ ಜಪಾನಿನ ಉಕ್ಕಿನಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಈ ವಿಧಾನದಿಂದಲೇ ಬರುತ್ತಿತ್ತು. 1973ರಲ್ಲಿ ಒಟ್ಟು ಉತ್ಪಾದನೆ 11.9 ಕೋಟಿ ಟನ್ ಮುಟ್ಟಿತು.

ಪ್ರಶ್ನೆ: ನಮ್ಮ ಭಾಗದ ಅದಿರು ಜಪಾನಿಗೆ ಹೋಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ನಿಜವೇ? (ಸಂಡೂರಿನ ಶಿಕ್ಷಕರು)

ಉತ್ತರ: ನಿಜ. ಚೀನಾದ ಅದಿರಿನ ದಾರಿ ಮುಚ್ಚಿದ ಮೇಲೆ ಜಪಾನ್ ಮೊದಲು ಕಣ್ಣು ಹಾಯಿಸಿದ ನೆಲೆಗಳಲ್ಲಿ ಗೋವಾ ಒಂದು. 1950ರ ದಶಕದ ಆರಂಭದಲ್ಲೇ ಅಲ್ಲಿನ ಗಣಿಗಳಿಗೆ ಜಪಾನಿನ ಸಾಲ ಮತ್ತು ಯಂತ್ರಗಳು ಬಂದವು. ಆಮೇಲೆ ಒಡಿಶಾ ಗಡಿಯ ಕಿರಿಬುರು, ಬಸ್ತರ್‌ನ ಬೈಲಾಡಿಲಾ ಗಣಿಗಳು ಜಪಾನಿನ ಬೇಡಿಕೆಯನ್ನೇ ಮುಂದಿಟ್ಟುಕೊಂಡು ಬೆಳೆದವು. ಬಳ್ಳಾರಿ–ಹೊಸಪೇಟೆ ಸೀಮೆಯ ಅದಿರು ರೈಲಿನಲ್ಲಿ ಮದರಾಸು ಬಂದರಿಗೆ ಹೋಗಿ ಅಲ್ಲಿಂದ ಹಡಗೇರುತ್ತಿತ್ತು. ತಮ್ಮ ತಾಲ್ಲೂಕಿನ ದೋಣಿಮಲೈ ಗಣಿ 1977ರಲ್ಲಿ ಕೆಲಸ ಆರಂಭಿಸಿದಾಗಲೂ ರಫ್ತೇ ಅದರ ಮುಖ್ಯ ಉದ್ದೇಶವಾಗಿತ್ತು. ಅದಿರನ್ನು ಕಳಿಸಿದ ನಾಡಿಗೂ ಅದರಿಂದ ಉಕ್ಕು ಮಾಡಿದ ನಾಡಿಗೂ ಸಿಕ್ಕ ಲಾಭದ ಅಂತರವನ್ನು ತಮ್ಮ ವಿದ್ಯಾರ್ಥಿಗಳೊಂದಿಗೆ ಚರ್ಚಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಪ್ರಶ್ನೆ: ಉಕ್ಕು ಗೆದ್ದಿತು, ಸರಿ. ದೇಶವನ್ನು ಎತ್ತಿ ನಿಲ್ಲಿಸಿದ ಆ ಗಣಿ ಕಾರ್ಮಿಕರು ಏನಾದರು? (ಕೋಲಾರ ಚಿನ್ನದ ಗಣಿ ಪ್ರದೇಶದ ಓದುಗರು)

ಉತ್ತರ: ಮುಚ್ಚಿದ ಗಣಿಯ ಊರಿನಿಂದ ಬಂದ ಪ್ರಶ್ನೆಯಾದ್ದರಿಂದ ನೇರವಾಗಿ ಹೇಳುತ್ತೇನೆ: ಅವರನ್ನು ಕೈಬಿಡಲಾಯಿತು. 1947ರಲ್ಲಿ ದೇಶದ ಆಸ್ತಿಯೆನಿಸಿದ್ದ ಕಲ್ಲಿದ್ದಲು, ಹತ್ತು ಹನ್ನೆರಡು ವರ್ಷಗಳಲ್ಲಿ ಅಗ್ಗದ ಎಣ್ಣೆಯ ಮತ್ತು ಹೊರದೇಶದ ಕೋಕಿಂಗ್ ಕಲ್ಲಿದ್ದಲಿನ (ಊದುಕುಲುಮೆಗೆ ಬೇಕಾದ ಬಗೆಯ ಕಲ್ಲಿದ್ದಲು) ಮುಂದೆ ದುಬಾರಿಯೆನಿಸಿತು. ಕ್ಯೂಶೂ ದ್ವೀಪದ ಮೀಕೆ ಗಣಿಯಲ್ಲಿ ಸಂಘಟನೆಯ ಮುಂಚೂಣಿಯಲ್ಲಿದ್ದವರೂ ಸೇರಿದಂತೆ ಸಾವಿರಕ್ಕೂ ಹೆಚ್ಚು ಜನರನ್ನು 1959ರ ಕೊನೆಯಲ್ಲಿ ವಜಾ ಮಾಡಲಾಯಿತು. 1960ರ ಬಹುಭಾಗ ನಡೆದ ಮುಷ್ಕರ ಕಾರ್ಮಿಕರ ಸೋಲಿನಲ್ಲಿ ಮುಗಿಯಿತು. 1963ರ ನವೆಂಬರ್ 9ರಂದು ಅದೇ ಗಣಿಯಲ್ಲಿ ಕಲ್ಲಿದ್ದಲಿನ ಧೂಳು ಸ್ಫೋಟಿಸಿ 458 ಜನ ಸತ್ತರು. ಬದುಕುಳಿದ ಎಂಟುನೂರಕ್ಕೂ ಹೆಚ್ಚು ಮಂದಿ ಕಾರ್ಬನ್ ಮೊನಾಕ್ಸೈಡ್ ವಿಷದಿಂದ ಮಿದುಳಿಗೆ ಪೆಟ್ಟು ಬಿದ್ದು ನರಳಿದರು. ಮೀಕೆ 1997ರಲ್ಲಿ ಮುಚ್ಚಿತು.

ಗಣಿಯಿಂದ ದೂರವಿದ್ದವರೂ ಬೆಲೆ ತೆತ್ತರು. ಕಮಿಯೋಕಾದ ಸತು-ಸೀಸದ ಗಣಿಯಿಂದ ಹರಿದ ಕ್ಯಾಡ್ಮಿಯಂ, ಜಿಂಜೂ ನದಿಯ ನೀರು ಹಾಯಿಸಿಕೊಂಡ ಭತ್ತದ ಗದ್ದೆಗಳನ್ನು ಸೇರಿ ಅನ್ನದ ಮೂಲಕ ಜನರ ಮೂಳೆಗಳನ್ನು ಕೊರೆಯಿತು. ಹೆಚ್ಚಾಗಿ ಮಕ್ಕಳನ್ನು ಹೆತ್ತ ನಡುವಯಸ್ಸಿನ ಹೆಂಗಸರು ಕೆಮ್ಮಿದರೂ ಎಲುಬು ಮುರಿಯುವ ಸ್ಥಿತಿಗೆ ಬಂದರು. ‘ಇತಾಯಿ-ಇತಾಯಿ’ (‘ನೋವು, ನೋವು’) ಎಂಬ ಈ ರೋಗಕ್ಕೆ ಗಣಿಯೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. 1972ರಲ್ಲಿ ಮೇಲ್ಮನವಿಯಲ್ಲೂ ಗೆದ್ದ ಸಂತ್ರಸ್ತರು ಪರಿಹಾರದ ಹಣದಿಂದಷ್ಟೇ ತೃಪ್ತರಾಗದೆ, ತಾವು ಕೇಳಿದಾಗ ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕನ್ನು ಕಂಪನಿಯಿಂದ ಬರೆಸಿಕೊಂಡರು. ಅಂದಿನಿಂದ ಪ್ರತಿವರ್ಷ ಅವರು ತಜ್ಞರೊಂದಿಗೆ ಅಲ್ಲಿಗೆ ಹೋಗುತ್ತಿದ್ದಾರೆ. ಅದಿರು ತೆಗೆಯುವುದು ನಿಂತ ಮೇಲೂ ಅದು ನಿಂತಿಲ್ಲ.