ಕಿಟ್ಟೆಲ್ ಎಂಬ ಅಡ್ಡಹೆಸರಿನ ಅರ್ಥವೇನು?

ಪ್ರಶ್ನೆ: ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದ ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರಿನ ‘ಕಿಟ್ಟೆಲ್’ ಎಂಬುದು ಊರಿನ ಹೆಸರೇ, ಮನೆತನದ ಹೆಸರೇ? ಅದನ್ನು ನಮ್ಮ ‘ಕಿಟ್ಟ’, ‘ಕಿಟ್ಟಪ್ಪ’ಗಳಿಗೆ ಜೋಡಿಸಿ ಹೇಳುವವರನ್ನು ಕಂಡಿದ್ದೇನೆ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಅರ್ಥವಿದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅದು ಮನೆತನದ ಹೆಸರು, ಅದಕ್ಕೆ ಅರ್ಥವೂ ಇದೆ. ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ಮೈಮೇಲಿನ ಬಟ್ಟೆ ಕೊಳೆಯಾಗದಂತೆ ಅದರ ಮೇಲೆ ತೊಟ್ಟುಕೊಳ್ಳುವ ಸಡಿಲವಾದ ಮೇಲಂಗಿ. ಆಸ್ಪತ್ರೆಯಲ್ಲಿ ವೈದ್ಯರು ಮತ್ತು ಪ್ರಯೋಗಾಲಯದಲ್ಲಿ ಸಂಶೋಧಕರು ಹಾಕಿಕೊಳ್ಳುವ ಬಿಳಿಯ ಕೋಟನ್ನು ಜರ್ಮನ್ನರು ಇಂದಿಗೂ ಇದೇ ಶಬ್ದದಿಂದ ಕರೆಯುತ್ತಾರೆ. ಹಿಂದಿನ ಕಾಲದಲ್ಲಿ ಇದು ಮುಖ್ಯವಾಗಿ ದುಡಿಯುವವರ ಉಡುಪಾಗಿತ್ತು: ನಾರುಬಟ್ಟೆಯಲ್ಲಿ ಹೊಲಿದು, ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುತ್ತಿದ್ದ, ಕೈಕಾಲು ಆಡಿಸಲು ಅಡ್ಡಿಯಾಗದಷ್ಟು ಅಗಲವಾದ ಅಂಗಿ ಅದು. ನೀಲಿ ಬಣ್ಣ ಹಾಕಿದ ಇಂಥ ಅಂಗಿಯನ್ನು ಗಾಡಿ ಹೊಡೆಯುವವರೂ ದನದ ವ್ಯಾಪಾರಿಗಳೂ ಹತ್ತೊಂಬತ್ತನೆಯ ಶತಮಾನದಲ್ಲಿಯೂ ತೊಡುತ್ತಿದ್ದರು. ಮಧ್ಯ ಮತ್ತು ಪೂರ್ವ ಯುರೋಪಿನ ಯೆಹೂದ್ಯರು ಇದೇ ಶಬ್ದವನ್ನು ತಮ್ಮ ಯಿಡ್ಡಿಷ್ ಭಾಷೆಯಲ್ಲಿ ಉಳಿಸಿಕೊಂಡು, ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪೂರಿನ ಪ್ರಾರ್ಥನೆಯಲ್ಲಿ ಧರಿಸುವ ಬಿಳಿಯ ನಿಲುವಂಗಿಗೆ ಕಿಟ್ಟೆಲ್ ಎನ್ನುತ್ತಾರೆ. ಮದುವೆಯ ದಿನ ವರನು ತೊಡುವುದೂ, ಸತ್ತವರಿಗೆ ಕೊನೆಯದಾಗಿ ತೊಡಿಸುವುದೂ ಅದನ್ನೇ.

ಕಿಟ್ಟ, ಕಿಟ್ಟಪ್ಪ ಎಂಬವು ಕೃಷ್ಣ ಎಂಬ ಹೆಸರು ನಮ್ಮ ಬಾಯಲ್ಲಿ ತಾಳಿದ ರೂಪಗಳಾದ್ದರಿಂದ ಅವುಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಾವು ‘ಟ’ಕಾರವನ್ನು ಒತ್ತಿ ಹೇಳುವುದರಿಂದ ಎರಡೂ ಹತ್ತಿರದಲ್ಲಿ ಕೇಳಿಸುತ್ತವೆ, ಅಷ್ಟೆ. ಜರ್ಮನ್ ಬರವಣಿಗೆಯಲ್ಲಿ ಎರಡು ‘ಟ’ಗಳನ್ನು ಬರೆಯುವುದು ಅದರ ಹಿಂದಿನ ‘ಇ’ಕಾರ ಹ್ರಸ್ವವೆಂದು ಸೂಚಿಸುವುದಕ್ಕೆ, ಜರ್ಮನ್ನರ ಉಚ್ಚಾರದಲ್ಲಿ ಒತ್ತಕ್ಷರವಿಲ್ಲ, ಕೊನೆಯ ‘ಎ’ಕಾರವೂ ಬಹುಮಟ್ಟಿಗೆ ಕರಗಿಹೋಗುತ್ತದೆ.

ಬಟ್ಟೆಯ ಹೆಸರು ಮನುಷ್ಯರಿಗೆ ಹೇಗೆ ಬಂತು ಎಂಬುದು ಮುಂದಿನ ಪ್ರಶ್ನೆ. ಜರ್ಮನ್ ನಾಡುಗಳಲ್ಲಿ ಒಬ್ಬರಿಗೆ ಒಂದೇ ಹೆಸರಿದ್ದ ಕಾಲ ಕಳೆದು, ಪಟ್ಟಣಗಳು ಬೆಳೆದು, ಒಂದೇ ಬೀದಿಯಲ್ಲಿ ನಾಲ್ಕಾರು ಮಂದಿ ಹಾನ್ಸ್‌ಗಳೂ ಕೊನ್ರಾಡ್‌ಗಳೂ ಸೇರಿಕೊಂಡಾಗ, ತೆರಿಗೆಯ ಪಟ್ಟಿ ಬರೆಯುವವರು ಅವರನ್ನು ಬೇರೆಬೇರೆಯಾಗಿ ಗುರುತಿಸಲೇಬೇಕಾಯಿತು. ಸುಮಾರು ಹನ್ನೆರಡನೆಯ ಶತಮಾನದಿಂದ ದಕ್ಷಿಣ ಮತ್ತು ಪಶ್ಚಿಮದ ಪಟ್ಟಣಗಳಲ್ಲಿ ಆರಂಭವಾದ ಈ ರೂಢಿ ನಿಧಾನವಾಗಿ ಉಳಿದೆಡೆಗೂ ಹರಡಿತು. ಕೆಲವರಿಗೆ ಕಸುಬು ಹೆಸರಾಯಿತು. ಮ್ಯುಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು, ಶ್ನೈಡರ್ ಎಂದರೆ ದರ್ಜಿ. ಕೆಲವರಿಗೆ ತಂದೆಯ ಹೆಸರು, ಕೆಲವರಿಗೆ ಬಿಟ್ಟುಬಂದ ಊರಿನ ಹೆಸರು ಅಂಟಿಕೊಂಡಿತು. ಇನ್ನು ಕೆಲವರಿಗೆ ನೆರೆಹೊರೆಯವರ ಕಣ್ಣಿಗೆ ಮೊದಲು ಬಿದ್ದದ್ದೇ ಹೆಸರಾಯಿತು: ಕುಳ್ಳನಿಗೆ ಕ್ಲೈನ್, ಕರಿಯನಿಗೆ ಶ್ವಾರ್ಟ್ಸ್, ಕೆಂಪು ತೋಳಿನ ಅಂಗಿ ತೊಡುತ್ತಿದ್ದವನಿಗೆ ರೋಟೆರ್ಮೆಲ್. ಕಿಟ್ಟೆಲ್ ಸೇರುವುದು ಈ ಕೊನೆಯ ಗುಂಪಿಗೆ. ಸದಾ ಒಂದು ಬಗೆಯ ಮೇಲಂಗಿಯಲ್ಲಿಯೇ ಕಾಣಿಸಿಕೊಳ್ಳುತ್ತಿದ್ದವನನ್ನು ಜನ ಹಾಗೆ ಕರೆದರು. ಕೆಲವು ಕಡೆ ಆ ಅಂಗಿಯನ್ನು ಹೊಲಿದು ಮಾರುತ್ತಿದ್ದವನಿಗೂ ಅದೇ ಹೆಸರು ಬಂದಿರಬಹುದು. ಮೆಣಸಿನಕಾಯಿ, ಉಳ್ಳಾಗಡ್ಡಿ, ಕಂಬಳಿ ಮುಂತಾದ ಅಡ್ಡಹೆಸರುಗಳ ನಡುವೆ ಇರುವ ಧಾರವಾಡದ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಶಬ್ದದ ಬೇರು ಎಲ್ಲಿಯದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಧ್ಯಕಾಲದ ಜರ್ಮನ್ ಬರಹಗಳಲ್ಲಿ ‘ಕಿಟೆಲ್’, ‘ಕಿಟ್ಟೆಲ್’, ‘ಕೀಟೆಲ್’ ಎಂಬ ರೂಪಗಳು ಕಾಣುತ್ತವೆ. ಹತ್ತಿ ಎಂಬ ಅರ್ಥದ ಅರಬ್ಬಿ ಶಬ್ದವಾದ ‘ಕುತ್ನ್’, ಅಂದರೆ ಇಂಗ್ಲಿಷಿನ ‘ಕಾಟನ್’ ಹುಟ್ಟಿದ ಅದೇ ಮೂಲ, ಇಲ್ಲಿಯೂ ಇರಬಹುದೆಂಬುದು ಒಂದು ಪಕ್ಷ. ಬಟ್ಟೆಯ ಹೆಸರುಗಳು ವ್ಯಾಪಾರದ ಸರಕಿನೊಡನೆ ದೇಶ ದಾಟುವುದು ಸಾಮಾನ್ಯವಾದ್ದರಿಂದ ಈ ಊಹೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ಸಿದ್ಧವಾದ ಸಂಗತಿಯೆಂದು ಬರೆಯುವುದು ಸರಿಯಲ್ಲ.

ಫರ್ಡಿನಾಂಡ್ ಕಿಟ್ಟೆಲ್ ಅವರ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಅವರು 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಇರುವುದು ಜರ್ಮನಿಯ ವಾಯವ್ಯ ಮೂಲೆಯ ಕಡಲತೀರದ ಪ್ರದೇಶವಾದ ಪೂರ್ವ ಫ್ರೀಸ್‌ಲಾಂಡಿನಲ್ಲಿ. ಅಲ್ಲಿಯ ಹಳ್ಳಿಗಳಲ್ಲಿ ಸ್ಥಿರವಾದ ಮನೆತನದ ಹೆಸರಿನ ಪದ್ಧತಿ ಬಹಳ ಕಾಲ ಬೇರೂರಿರಲಿಲ್ಲ. ಯಾನ್ ಎಂಬವನ ಮಗ ಹಾರ್ಮ್ ಆದರೆ ಅವನು ಹಾರ್ಮ್ ಯಾನ್ಸೆನ್. ಅವನ ಮಗನಿಗೆ ತಾತನ ಹೆಸರಿಟ್ಟರೆ ಅವನು ಯಾನ್ ಹಾರ್ಮ್ಸ್. ಹೀಗೆ ತಲೆಮಾರಿನಿಂದ ತಲೆಮಾರಿಗೆ ಎರಡನೆಯ ಹೆಸರು ಬದಲಾಗುತ್ತಲೇ ಹೋಗುತ್ತಿತ್ತು. ಆ ಪ್ರದೇಶ ನೆಪೋಲಿಯನ್ನನ ಸಾಮ್ರಾಜ್ಯಕ್ಕೆ ಸೇರಿದ್ದಾಗ, 1811ರಲ್ಲಿ, ಎಲ್ಲರೂ ಬದಲಾಗದ ಮನೆತನದ ಹೆಸರನ್ನು ಇಟ್ಟುಕೊಳ್ಳಬೇಕೆಂಬ ಆಜ್ಞೆ ಹೊರಟಿತು; ಅದಾದ ಮೇಲೂ ಹಳೆಯ ರೂಢಿ ಬೇಗ ಬಿಡಲಿಲ್ಲ. ಇದಕ್ಕೆ ಹೋಲಿಸಿದರೆ ಕಿಟ್ಟೆಲ್ ಎಂಬುದು ಆ ಕಡಲತೀರದ ಮಾದರಿಯ ಹೆಸರಲ್ಲ. ಈ ಹೆಸರಿನ ಮನೆಗಳು ಹೆಚ್ಚಾಗಿ ಕಂಡುಬರುತ್ತಿದ್ದದ್ದು ಪೂರ್ವದ ಸ್ಯಾಕ್ಸನಿ, ಸಿಲೇಸಿಯಾ, ಬೊಹೀಮಿಯಾ ಕಡೆಗಳಲ್ಲಿ. ಫರ್ಡಿನಾಂಡರ ತಂದೆ ಪಾದ್ರಿಯಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ರೈತರಂತೆ ಪಾದ್ರಿಗಳು ಒಂದೇ ನೆಲಕ್ಕೆ ಅಂಟಿಕೊಂಡವರಲ್ಲ. ಓದಿದ ಕುಟುಂಬಗಳು ಹುದ್ದೆಯನ್ನು ಅನುಸರಿಸಿ ಊರೂರಿಗೆ ಹೋಗುತ್ತಿದ್ದವು. ಆದ್ದರಿಂದ ಹುಟ್ಟಿದ ಊರನ್ನು ನೋಡಿ ಹೆಸರಿನ ಮೂಲವನ್ನು ನಿರ್ಧರಿಸುವುದಾಗಲಿ, ಹೆಸರಿನ ಅರ್ಥವನ್ನು ನೋಡಿ ನಿಘಂಟುಕಾರರ ಹಿರಿಯರು ದರ್ಜಿಗಳಾಗಿದ್ದರೆಂದು ಹೇಳುವುದಾಗಲಿ ಸಲ್ಲದು.

ಪ್ರಶ್ನೆ: ಹೀಬ್ರೂ ಬೈಬಲಿನ ಸಂಪಾದಕ ರುಡೋಲ್ಫ್ ಕಿಟ್ಟೆಲ್ ನಮ್ಮ ಕಿಟ್ಟೆಲ್ ಅವರ ಬಂಧುವೇ? ಕನ್ನಡ ನಾಡಿಗೆ ಬಂದ ಜರ್ಮನ್ ಮಿಷನರಿ ಗಾಟ್‌ಫ್ರೀಡ್ ವೈಗ್ಲೆ ಅವರ ಹೆಸರಿಗೂ ಇಂಥದೇ ಅರ್ಥವಿದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಒಂದೇ ಹೆಸರಿರುವುದರಿಂದ ಬಂಧುತ್ವ ಸಿದ್ಧವಾಗುವುದಿಲ್ಲ. ಮೇಲಂಗಿ ತೊಟ್ಟವರು ಎಲ್ಲ ಕಡೆ ಇದ್ದುದರಿಂದ ಈ ಹೆಸರು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಊರುಗಳಲ್ಲಿ ಬೇರೆಬೇರೆಯಾಗಿ ಹುಟ್ಟಿಕೊಳ್ಳುವುದು ಸಹಜ. ರುಡೋಲ್ಫ್ ಕಿಟ್ಟೆಲ್ ಹುಟ್ಟಿದ್ದು, ಫರ್ಡಿನಾಂಡರು ಭಾರತಕ್ಕೆ ಬಂದ 1853ರಲ್ಲಿಯೇ, ಆದರೆ ಬಹುದೂರದ ವ್ಯುರ್ಟೆಂಬರ್ಗ್ ಪ್ರಾಂತದಲ್ಲಿ.

ವೈಗ್ಲೆ ಬೇರೆ ಬಗೆಯ ಹೆಸರು. ಅದು ಉಡುಪಿನಿಂದಾಗಲಿ ಕಸುಬಿನಿಂದಾಗಲಿ ಬಂದದ್ದಲ್ಲ. ಹೋರಾಟ ಎಂಬ ಅರ್ಥದ ‘ವಿಗ್’ ಸೇರಿರುವ ವೀಗಾಂಡ್ ಎಂಬ ಪ್ರಾಚೀನ ವ್ಯಕ್ತಿನಾಮವು ‘ವೈಗೆಲ್’ ಎಂದು ಮೊಟಕಾಗಿ, ಅದಕ್ಕೆ ‘-ಲೆ’ ಎಂಬ ಪ್ರತ್ಯಯ ಸೇರಿ ಆದದ್ದು. ನೈಋತ್ಯ ಜರ್ಮನಿಯ ಸ್ವಾಬಿಯನ್ನರು ಮುದ್ದಿನಿಂದ ಚಿಕ್ಕದು ಎಂದು ಹೇಳಲು ಈ ‘-ಲೆ’ಯನ್ನು ಬಳಸುತ್ತಾರೆ, ಎಬರ್ಲೆ, ಹೇಬರ್ಲೆ ಮೊದಲಾದ ಅಲ್ಲಿಯ ಹೆಸರುಗಳಲ್ಲಿಯೂ ಇದೇ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೂಲಕ ಮಂಗಳೂರಿಗೂ ಧಾರವಾಡಕ್ಕೂ ಬಂದವರಲ್ಲಿ ಬಹುಮಂದಿ ಆ ಸೀಮೆಯವರೇ ಆದ್ದರಿಂದ, ಮಿಷನ್ನಿನ ಹಳೆಯ ದಾಖಲೆಗಳನ್ನು ಓದುವಾಗ ‘-ಲೆ’ಯಲ್ಲಿ ಕೊನೆಗೊಳ್ಳುವ ಹೆಸರು ಎದುರಾದರೆ ಆ ಮನೆತನ ಸ್ವಾಬಿಯಾದ ಕಡೆಯದೆಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು.