ಮಗುವಿನ ಉಬ್ಬಸಕ್ಕೆ ತಜ್ಞರ ಹತ್ರ ಹೋದ್ರೆ ಹೊಸದಾಗಿ ಏನು ಮಾಡ್ತಾರೆ?

ನಿಮ್ಮ ಮಗನಿಗೆ 8 ವರ್ಷ, ಎರಡು ಪಂಪು (ಇನ್ಹೇಲರ್) ನಡೀತಿದ್ರೂ ಈ ಮಳೆಗಾಲದಲ್ಲಿ ಮೂರು ಸಲ ಅಡ್ಮಿಟ್ ಆಯ್ತು, ಶಿವಮೊಗ್ಗದ ಡಾಕ್ಟರು ಮಕ್ಕಳ ಶ್ವಾಸಕೋಶ ತಜ್ಞರಿಗೆ ತೋರಿಸಿ ಅಂದಿದ್ದಾರೆ, ಅಷ್ಟು ದೂರ ಹೋಗಿ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆಯವಳು. ಎರಡು ವರ್ಷದ ಹಿಂದೆ ಮಗಳನ್ನ ಕರ್ಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿದ್ವಿ.

ಹೋಗಿ. ಆದ್ರೆ ಹೊಸ ಔಷಧಿ ಬರ್ಕೊಡ್ತಾರೆ ಅನ್ನೋ ಆಸೆ ಇಟ್ಕೊಂಡು ಹೋಗ್ಬೇಡಿ. ಇದು ನಿಜಕ್ಕೂ ಔಷಧಿಗೆ ಬಗ್ಗದ ಅಸ್ತಮಾನಾ, ಇಲ್ಲಾ ಕೊಟ್ಟ ಔಷಧಿ ಎದೆಗೆ ಇಳೀತಾನೇ ಇಲ್ವಾ ಅನ್ನೋದನ್ನೇ ಅವರು ಮೊದಲು ನೋಡೋದು.

"ಪಂಪು ಹೇಗೆ ಕೊಡ್ತೀರಿ, ಮಾಡಿ ತೋರ್ಸಿ" ಅಂದ್ರು ಸಿಸ್ಟರ್. ವರ್ಷಗಟ್ಲೆ ಕೊಟ್ಟವಳು ನಾನು, ಸ್ವಲ್ಪ ಜಂಬದಿಂದಲೇ ಪಂಪಿಗೆ ಸ್ಪೇಸರ್ ಅನ್ನೋ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಟಪ್ ಟಪ್ ಅಂತ ಎರಡು ಸಲ ಒತ್ತಿದೆ. ಮಗಳು ಎರಡು ಸಲ ಉಸಿರೆಳೆದು ಮುಖ ತಿರುಗಿಸಿದಳು. ಎಲ್ಲಾ ತಪ್ಪು! ಪಂಪು ಅಲುಗಿಸಿರಲಿಲ್ಲ. ಮಾಸ್ಕ್ ಕೆನ್ನೆಗೆ ಸರಿಯಾಗಿ ಕೂತಿರಲಿಲ್ಲ. ಆ ವಯಸ್ಸಿಗೆ ಮಾಸ್ಕೇ ಬೇಡವಂತೆ, ಸ್ಪೇಸರಿನ ತುದಿನ ಬಾಯಲ್ಲೇ ಕಚ್ಚಿ ಹಿಡಿದ್ರೆ ಸಾಕು. ಒಂದು ಸಲ ಒತ್ತಿ ನಿಧಾನಕ್ಕೆ ಐದಾರು ಉಸಿರು, ಮತ್ತೆ ಅಲುಗಿಸಿ ಎರಡನೇದು. ಸ್ಪೇಸರ್ ತೊಳೆದು ನಾನು ಪಾಣಿಪಂಚೆಯಲ್ಲಿ ಚೆನ್ನಾಗಿ ಒರೆಸಿಡ್ತಿದ್ದೆ, ಅದೂ ತಪ್ಪೇ. ಒರೆಸಿದ್ರೆ ಪ್ಲಾಸ್ಟಿಕ್ಕಿಗೆ ಸ್ಟ್ಯಾಟಿಕ್ ಬಂದು ಔಷಧಿ ಒಳಗೇ ಅಂಟ್ಕೊಳ್ಳತ್ತೆ. ಸೋಪುನೀರಲ್ಲಿ ಅದ್ದಿ ಹಾಗೇ ಆರಲು ಬಿಡಬೇಕು.

ಆಮೇಲೆ ದಿನಾ ತಗೊಳ್ಳೋ ಸ್ಟೀರಾಯ್ಡ್ ಪಂಪಿನ ಹಿಂದೆ ಇನ್ನೆಷ್ಟು ಸಲದ ಔಷಧಿ ಉಳಿದಿದೆ ಅಂತ ತೋರಿಸೋ ಅಂಕಿ ನೋಡಿದ್ರು. ತಂದ ದಿನದಿಂದ ಲೆಕ್ಕ ಹಾಕಿದ್ರೆ ಖಾಲಿಯಾಗಿರಬೇಕಿತ್ತು, 40ರ ಮೇಲಿತ್ತು. ಸಂಜೆಯ ಡೋಸ್ ಅತ್ತೆಯ ಪಾಲಿಗೆ ಬಿಟ್ಟಿದ್ದೆ. "ಕೆಮ್ಮಿಲ್ದೇ ಇದ್ದಾಗ್ಲೂ ಯಾಕೆ, ಅಭ್ಯಾಸ ಆಗೋಗತ್ತೆ" ಅಂತ ಅವರು ತಪ್ಪಿಸ್ತಿದ್ರು. ಅವರನ್ನ ಬೈದು ಪ್ರಯೋಜನ ಇಲ್ಲ, ಊರಲ್ಲಿ ಅರ್ಧ ಜನ ಹಾಗೇ ನಂಬಿದ್ದಾರೆ. ಆ ಪಂಪು ಇರೋದೇ ಕೆಮ್ಮಿಲ್ಲದ ದಿನವೂ ತಪ್ಪದೆ ಕೊಡೋಕೆ ಅಂತ ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಇನ್ನು ಮನೆ. ಪುನರ್ವಸು ಮಳೆಯಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀರಿ ಅಂದ್ರು ಡಾಕ್ಟರು. ಎಲ್ಲಿ ಅಂದ್ರೆ, ಬಚ್ಚಲ ಒಲೆ ಮೇಲೆ! ಯೂನಿಫಾರ್ಮಿಗೆ ಹೊಗೆ ವಾಸನೆ ಇಲ್ಲದ ಮಲೆನಾಡಿನ ಮಗು ಯಾವುದಿದೆ? ಅಟ್ಟದಿಂದ ಇಳಿಸಿದ ಕಂಬಳಿ, ಗೋಡೆಯ ಬೂಷ್ಟು, ಅಡಿಕೆ ಬೇಯಿಸೋ ಒಲೆ, ಒಂದೊಂದೂ ಕೇಳಿದ್ರು. ಬೂಷ್ಟಿನ ಅಲರ್ಜಿಗೆ, ಐಜಿಇಗೆ (ಅಲರ್ಜಿ ಇದ್ರೆ ರಕ್ತದಲ್ಲಿ ಏರೋ ಅಂಶ) ಅಂತ ರಕ್ತ ತಗೊಂಡ್ರು. ಉಸಿರು ಎಷ್ಟು ಸಲೀಸಾಗಿ ಹೊರಬರತ್ತೆ ಅಂತ ಅಳೆಯೋ ಸ್ಪೈರೋಮೆಟ್ರಿಯಲ್ಲಿ ಊದಿಸಿ, ಉಸಿರುನಾಳ ಸಡಿಲಿಸೋ ಸಾಲ್ಬುಟಮಾಲ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದ್ರು. ಕೆಲವು ಮಕ್ಕಳಿಗೆ ಅಸ್ತಮಾನೇ ಅಲ್ಲದ ಕಾಯಿಲೆ ಇರೋದೂ ಇಲ್ಲೇ ಗೊತ್ತಾಗೋದು.

ಇದೆಲ್ಲ ಸರಿಮಾಡಿ ಕೆಲವು ತಿಂಗಳು ನೋಡಿದ ಮೇಲೂ ಬಗ್ಗದಿದ್ರೆ ಮಾತ್ರ ಐಜಿಇ ತಡೆಯೋ ಒಮಾಲಿಜುಮಾಬ್ ಥರದ ಇಂಜೆಕ್ಷನ್ ಮಾತು. 6 ವರ್ಷ ದಾಟಿದವರಿಗೆ, 2 ಅಥವಾ 4 ವಾರಕ್ಕೊಮ್ಮೆ, ತೂಕ ಮತ್ತು ಐಜಿಇ ನೋಡಿ ಡೋಸ್. ದುಬಾರಿ. ನಮ್ಮವಳಿಗೆ ಅಲ್ಲಿವರೆಗೆ ಹೋಗಲಿಲ್ಲ. ಉಬ್ಬಸ ಪೂರ್ತಿ ಹೋಯ್ತು ಅಂತಲ್ಲ, ಹೋದ ಆಷಾಢದಲ್ಲೂ ಒಂದು ರಾತ್ರಿ ನೆಬುಲೈಸರ್ ಹಾಕಿಸಿದ್ವಿ.

ಹೋಗೋವಾಗ ಮನೇಲಿರೋ ಪಂಪು, ಸ್ಪೇಸರ್ ಎಲ್ಲಾ ಚೀಲಕ್ಕೆ ಹಾಕ್ಕೊಳ್ಳಿ, ಖಾಲಿಯಾದವೂ ಸೇರಿ. ವರ್ಷದಲ್ಲಿ ಎಷ್ಟು ಸಲ ಪ್ರೆಡ್ನಿಸೊಲೋನ್ (ಬಾಯಿಗೆ ಕೊಡೋ ಸ್ಟೀರಾಯ್ಡ್) ಕೊಟ್ಟಿದ್ದೀರಿ ಬರೆದಿಟ್ಕೊಳ್ಳಿ. ಆ ಲೆಕ್ಕ ಅವರಿಗೆ ತುಂಬಾ ಮುಖ್ಯ. ರಾತ್ರಿ ಪಕ್ಕೆ ಒಳಗೆ ಹೋಗೋದು ಮೊಬೈಲಲ್ಲಿ ವಿಡಿಯೋ ಇದ್ರೆ ಇನ್ನೂ ಒಳ್ಳೇದು. ಸ್ಪೈರೋಮೆಟ್ರಿಗೆ ಮುಂಚೆ ಪಂಪು ನಿಲ್ಲಿಸಬೇಕಾ ಅಂತ ಫೋನಲ್ಲೇ ಕೇಳಿ. ಆಯುಷ್ಮಾನ್ ಕಾರ್ಡ್ ಇದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗತ್ತಾ, ಯಾವುದಕ್ಕೆ ಅನ್ವಯ ಅಂತ ಮೊದಲೇ ವಿಚಾರಿಸಿ. ನಿಮಗೆ ರೈಲು ಅನುಕೂಲ ಅಂದ್ರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ.

ಬರೋವಾಗ ಒಂದು ಕಾಗದ ಬರೆಸ್ಕೊಂಡೇ ಬನ್ನಿ: ಉಬ್ಬಸ ಶುರುವಾದ್ರೆ ಎಷ್ಟು ಪಫ್, ಎಷ್ಟು ಹೊತ್ತಿಗೆ, ಯಾವಾಗ ಆಸ್ಪತ್ರೆಗೆ. ಮಾತಾಡೋಕಾಗ್ದಿದ್ರೆ, ಇಲ್ಲಾ ತುಟಿ ನೀಲಿಯಾದ್ರೆ ತಜ್ಞರು, ಘಾಟಿ ಅಂತೆಲ್ಲ ಯೋಚಿಸಬೇಡಿ, 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಓಡಿ. ನಮ್ಮ ಕಾಗದ ಅಡಿಗೆಮನೆ ಬಾಗಿಲಿಗೆ ಅಂಟಿಸಿದೆ, ಅತ್ತೆಗೆ ಕಾಣೋ ಎತ್ತರದಲ್ಲಿ. ಈಗ ಸಂಜೆ ಡೋಸ್ ನೆನಪಿಸೋದು ಅವರೇ.