ಮರಳಗುಡ್ಡದ ಸಂಜೆಗೆ ಆಯಿಯನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಅಕ್ಕಾ, ಡಿಸೆಂಬರ್ ಕೊನೆಗೆ ರಾಜಸ್ಥಾನಕ್ಕೆ ಹೊರಟಿದ್ದೇವೆ. ಜೈಸಲ್ಮೇರ್‌ನಲ್ಲಿ ಸಂಜೆ ಮರುಭೂಮಿ ಕ್ಯಾಂಪ್‌ಗೆ ಹೋಗಿ ಒಂಟೆ ಸವಾರಿ, ಹಾಡು-ಕುಣಿತ, ಊಟ ಮುಗಿಸಿ ಬರುವ ಪ್ಯಾಕೇಜ್ ಇದೆಯಂತೆ. ಜೊತೆಗೆ 71 ವರ್ಷದ ಆಯಿ ಇರುತ್ತಾರೆ. ಮಂಡಿನೋವು ಇದೆ, ಈರುಳ್ಳಿ-ಬೆಳ್ಳುಳ್ಳಿ ತಿನ್ನುವುದಿಲ್ಲ. ‘ಸುಮ್ನೆ ದುಡ್ಡು ದಂಡ’ ಎನ್ನುತ್ತಾರೆ ನಮ್ಮ ಮನೆಯವರು. ಹೋಗುವುದೋ ಬೇಡವೋ?
— ಒಬ್ಬ ಓದುಗಳು, ಕುಮಟಾ

ಉತ್ತರ: ಹೋಗಿ ಬನ್ನಿ. ಆಯಿಯನ್ನು ಮಾತ್ರ ಹೋಟೆಲ್ ಕೋಣೆಯಲ್ಲಿ ಬಿಟ್ಟು ಹೋಗಬೇಡಿ.

ಮೂರು ವರ್ಷದ ಹಿಂದೆ ಶಿರಸಿಯಿಂದ ನಾವು ಆರು ಜನ ಹೋಗಿದ್ದೆವು. ನಮ್ಮ ಅತ್ತೆಯೂ ಇದ್ದರು. ಹೆಚ್ಚಿನ ಕ್ಯಾಂಪ್‌ಗಳು ಊರಿನಿಂದ ಸುಮಾರು 40 ಕಿ.ಮೀ. ದೂರದ ಸಮ್ ಎಂಬಲ್ಲಿವೆ. ಮಧ್ಯಾಹ್ನ ಮೂರೂವರೆಗೇ ಹೊರಡಿ. ಡಿಸೆಂಬರ್‌ನಲ್ಲಿ ಆರರೊಳಗೆ ಸೂರ್ಯ ಮುಳುಗುತ್ತಾನೆ, ಅದು ತಪ್ಪಿದರೆ ಅರ್ಧ ಸಂಜೆ ಕಳೆದ ಹಾಗೆ. ಮರಳು ನಮಗೆ ಹೊಸದಲ್ಲ, ಗೋಕರ್ಣದಲ್ಲಿ ಬೇಕಾದಷ್ಟು ನೋಡಿದ್ದೇವೆ ಅಲ್ವಾ? ಆದರೆ ಸಮ್‌ನ ಮರಳು ಕಾಲಿಗೆ ಅಂಟುವುದೇ ಇಲ್ಲ. ಮುಷ್ಟಿಯಲ್ಲಿ ಹಿಡಿದರೆ ನೀರಿನ ಹಾಗೆ ಸೋರಿ ಹೋಗುತ್ತದೆ.

ಆಯಿಗೆ ಒಂಟೆ ಸವಾರಿ ಬೇಡ. ಒಂಟೆ ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ, ಮೇಲೆ ಕೂತವರು ಒಮ್ಮೆಲೇ ಮುಂದಕ್ಕೆ ವಾಲುತ್ತಾರೆ. ಒಂಟೆ ಗಾಡಿ ಸಿಗುತ್ತದೆ, ಅದು ಸಾಕು. ಜೀಪಿನಲ್ಲಿ ದಿಬ್ಬ ಹಾರಿಸುವ ಆಟವೂ ಬೇಡ.

ಊಟದ ಚಿಂತೆ ಬಿಡಿ. ಬುಕ್ ಮಾಡುವಾಗಲೇ ‘ಜೈನ ಊಟ’ ಎಂದು ಹೇಳಿ. ಅಲ್ಲಿನವರಿಗೆ ತಕ್ಷಣ ಅರ್ಥವಾಗುತ್ತದೆ. ಕೆಂಡದಲ್ಲಿ ಸುಟ್ಟು ತುಪ್ಪದಲ್ಲಿ ಅದ್ದಿದ ಬಾಟಿ ಎಂಬ ಗೋಧಿ ಉಂಡೆ ಗಟ್ಟಿ ಇರುತ್ತದೆ, ಆಯಿಗೆ ದಾಲ್‌ನಲ್ಲಿ ಪುಡಿ ಮಾಡಿ ಕಲಸಿ ಕೊಡಿ. ಕೇರ್-ಸಾಂಗ್ರಿ ಪಲ್ಯ ಬಂದರೆ ಬಿಡಬೇಡಿ. ಕೇರ್ ಎಂದರೆ ಮರುಭೂಮಿಯ ಪೊದೆಯ ಪುಟ್ಟ ಕಾಯಿ. ಸಾಂಗ್ರಿ ಎಂದರೆ ಬೇರೇನಲ್ಲ, ಬನ್ನಿ ಮರದ ಕಾಯಿ! ವಿಜಯದಶಮಿಗೆ ನಾವು ಎಲೆ ಹಂಚುತ್ತೇವಲ್ಲ, ಅದೇ ಮರ. ಅಲ್ಲಿ ಅದಕ್ಕೆ ಖೇಜಡಿ ಎನ್ನುತ್ತಾರೆ. ಎಳೆ ಕಾಯಿಗಳನ್ನು ಒಣಗಿಸಿ ಇಟ್ಟುಕೊಳ್ಳುತ್ತಾರೆ, ನಾವು ಮಳೆಗಾಲಕ್ಕೆ ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿಡುವ ಹಾಗೆ. ಇದು ಗೊತ್ತಾದ ಮೇಲೆ ನಮ್ಮ ಅತ್ತೆ ಎರಡು ಸಲ ಹಾಕಿಸಿಕೊಂಡರು.

ಇನ್ನು ಹಾಡು. ನಾನು ನಿಮಗೆ ಹೋಗಿ ಎನ್ನುವುದೇ ಇದಕ್ಕಾಗಿ. ಅಲ್ಲಿ ಹಾಡುವವರು ಹೆಚ್ಚಾಗಿ ಮಾಂಗಣಿಯಾರರು. ಮುಸ್ಲಿಮರು. ತಲೆತಲಾಂತರದಿಂದ ಹಿಂದೂ ಯಜಮಾನರ ಮನೆಯ ಮದುವೆಗೆ, ಮಗು ಹುಟ್ಟಿದಾಗ ಹಾಡುವುದೇ ಅವರ ಕಸುಬು. ಕೃಷ್ಣನ ಹಾಡನ್ನೂ ಮನಸ್ಸಿಟ್ಟು ಹಾಡುತ್ತಾರೆ. ಕಪ್ಪು ಲಂಗ ತೊಟ್ಟು ಗಿರಗಿರನೆ ಸುತ್ತುವ ಕಾಲ್ಬೇಲಿಯಾ ಕುಣಿತವೂ ಇರುತ್ತದೆ. ಅದು 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ.

ನಾವು ಹೋದ ಕ್ಯಾಂಪ್‌ನಲ್ಲಿ ಇಪ್ಪತ್ತೇ ನಿಮಿಷಕ್ಕೆ ಇದೆಲ್ಲ ನಿಲ್ಲಿಸಿ ಡಿಜೆ ಹಾಕಿದರು. ಭಾಗವತರು ಪದ ಎತ್ತಿದಾಗಲೇ ಮೈಕ್ ಕಿತ್ತುಕೊಂಡ ಹಾಗೆ. ಹೊಟ್ಟೆ ಉರಿಯಿತು ನನಗೆ. ಅಜ್ಜ ಒಬ್ಬರು ತಮ್ಮ ಕಮಾಯ್ಚಾ ಎಂಬ ತಂತಿವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಟೆಂಟ್ ಹಿಂದೆ ಹೋಗಿ ಕೂತರು. ಊಟ ಆದ ಮೇಲೆ ಅತ್ತೆಯ ಕೈಹಿಡಿದು ಅಲ್ಲಿಗೇ ಹೋದೆ, ನನ್ನ ಹರಕು ಹಿಂದಿಯಲ್ಲಿ ‘ಒಂದು ಹಾಡು’ ಎಂದೆ. ಅವರು ಗಂಟು ಬಿಚ್ಚಿದರು. ಮಾವಿನ ಮರದ ದುಂಡನೆಯ ಬುರುಡೆ, ಮೇಲೆ ಆಡಿನ ಚರ್ಮ, ಕರುಳಿನ ತಂತಿ. ಕಮಾನು ಎಳೆದರೆ ನಮ್ಮ ಎದೆಯೊಳಗಿಂದಲೇ ಬಂದ ಹಾಗೆ ಗುಂಯ್ ಎನ್ನುತ್ತದೆ. ಪಕ್ಕದ ಹುಡುಗ ಎರಡೂ ಕೈಯಲ್ಲಿ ಮರದ ಚಕ್ಕೆ ಹಿಡಿದು ಖಡತಾಲ್ ಬಾರಿಸಿದ. ಭಾಷೆ ಒಂದಕ್ಷರ ಅರ್ಥವಾಗದ ನಮ್ಮ ಅತ್ತೆ ಬಗ್ಗಿ ಕೂತು ಕೇಳಿದರು, ಮಂಡಿನೋವಿನ ಸುದ್ದಿಯನ್ನೇ ಎತ್ತಲಿಲ್ಲ.

ಹಾಗಾಗಿ ಬುಕ್ ಮಾಡುವ ಮೊದಲೇ ಕೇಳಿ: ಡಿಜೆ ಇದೆಯಾ? ಕಮಾಯ್ಚಾ ನುಡಿಸುವವರು ಬರುತ್ತಾರಾ? ಸಮ್‌ನಲ್ಲಿ ಗಲಾಟೆ ಜಾಸ್ತಿ ಅನಿಸಿದರೆ ಖುರಿ ಎಂಬ ಊರಿನ ಕಡೆ ವಿಚಾರಿಸಿ, ಅಲ್ಲಿ ಜನ ಕಡಿಮೆ. ಕಲಾವಿದರಿಗೆ ಕೊಡುವುದನ್ನು ಅವರ ಕೈಗೇ ಕೊಡಿ.

ರಾತ್ರಿ ಚಳಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಸಾಮಾನ್ಯ, ನಿಮ್ಮ ಕುಮಟಾದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆಯಿಗೆ ಕಿವಿ ಮುಚ್ಚುವ ಟೊಪ್ಪಿ, ಕಾಲುಚೀಲ, ದಪ್ಪ ಶಾಲು ಇರಲಿ. ನೆಲದ ಹಾಸಿಗೆ ಬೇಡ, ಕುರ್ಚಿ ಕೇಳಿ ಹಾಕಿಸಿ. ಸ್ಪೀಕರ್ ಪಕ್ಕ ಅಲ್ಲ, ಹಾಡುವವರ ಹತ್ತಿರ.